ಟಿ. ಚೌಡಯ್ಯ

ತಿರುಮಕೂಡಲು ಚೌಡಯ್ಯ (1895 – ಜನವರಿ 19, 1967) ಕರ್ನಾಟಕ ಸಂಗೀತದ ಪ್ರಮುಖ ಪಿಟೀಲು ವಾದಕರಲ್ಲಿ ಒಬ್ಬರು. 'ಪಿಟೀಲು ಚೌಡಯ್ಯ' ಮತ್ತು 'ಮೈಸೂರು ಚೌಡಯ್ಯ' ಎಂಬ ಹೆಸರುಗಳಿಂದಲೂ ಇವರು ಪ್ರಸಿದ್ಧರು. ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ, ಏಳು ತಂತಿಯ ಪಿಟೀಲನ್ನು ಕಚೇರಿ ವೇದಿಕೆಗೆ ತಂದದ್ದು ಇವರ ಮುಖ್ಯ ಸಾಧನೆ. ದ್ವಾರಂ ವೆಂಕಟಸ್ವಾಮಿ ನಾಯ್ಡು ಮತ್ತು ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಅವರೊಂದಿಗೆ ಇವರನ್ನೂ ಸೇರಿಸಿ 'ಪಿಟೀಲು ತ್ರಿಮೂರ್ತಿಗಳು' ಎಂದು ಕರೆಯುವುದು ರೂಢಿ.

ಜನನ ಮತ್ತು ಶಿಕ್ಷಣ

ಚೌಡಯ್ಯನವರು ಮೈಸೂರು ಜಿಲ್ಲೆಯ ತಿರುಮಕೂಡಲಿನಲ್ಲಿ ಜನಿಸಿದರು. ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಈ ಕ್ಷೇತ್ರವು ಇಂದಿನ ಟಿ. ನರಸೀಪುರಕ್ಕೆ ಸೇರಿದೆ. 1910ರಲ್ಲಿ ಅವರು ಮೈಸೂರು ಆಸ್ಥಾನದ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಗಾಯಕರಾಗಿದ್ದುದರಿಂದ ಶಿಷ್ಯನ ವಾದನದಲ್ಲಿಯೂ ಗಾಯನ ಶೈಲಿಯ ಪ್ರಭಾವ ದಟ್ಟವಾಗಿ ಮೂಡಿತು. 1918ರವರೆಗೆ ಕಠಿಣ ಸಾಧನೆ ನಡೆಸಿದ ಚೌಡಯ್ಯನವರು 1920ರ ದಶಕದ ಉತ್ತರಾರ್ಧದ ವೇಳೆಗೆ ಬೇಡಿಕೆಯ ಪಕ್ಕವಾದ್ಯಗಾರರಾಗಿದ್ದರು.

ಏಳು ತಂತಿಯ ಪಿಟೀಲು

ಯುರೋಪಿನಿಂದ ಬಂದ ಪಿಟೀಲು ಹತ್ತೊಂಬತ್ತನೆಯ ಶತಮಾನದಲ್ಲಿ ಕರ್ನಾಟಕ ಸಂಗೀತದಲ್ಲಿ ನೆಲೆಯೂರಿತು. ಪಾಶ್ಚಾತ್ಯ ಪದ್ಧತಿಗಿಂತ ಭಿನ್ನವಾಗಿ, ಇಲ್ಲಿ ಅದರ ನಾಲ್ಕು ತಂತಿಗಳನ್ನು ಷಡ್ಜ–ಪಂಚಮ–ಷಡ್ಜ–ಪಂಚಮಗಳಿಗೆ ಶ್ರುತಿ ಮಾಡುತ್ತಾರೆ. ವಾದಕರು ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಕಾಲಿನ ಮೇಲೆ ಊರಿಕೊಂಡು ನುಡಿಸುತ್ತಾರೆ. ಹೀಗೆ ಹಿಡಿಯುವ ಕ್ರಮ ಮತ್ತು ಶ್ರುತಿ ಬದಲಾದರೂ ತಂತಿಗಳ ಸಂಖ್ಯೆ ಮಾತ್ರ ಹಾಗೆಯೇ ಉಳಿದಿತ್ತು.

ಧ್ವನಿವರ್ಧಕ ಬಳಕೆಗೆ ಬರುವ ಮುನ್ನ ಪಿಟೀಲಿನ ನಾದವು ದೊಡ್ಡ ಸಭೆಯ ಹಿಂದಿನ ಸಾಲುಗಳನ್ನು ತಲುಪುವುದು ಕಷ್ಟವಾಗಿತ್ತು. ತುಂಬುಕಂಠದ ಗಾಯಕರು ಮತ್ತು ಮೃದಂಗದ ನಡುವೆ ಅದು ಮರೆಯಾಗುತ್ತಿತ್ತು. ಈ ಕೊರತೆಯನ್ನು ನೀಗಿಸಲು ಚೌಡಯ್ಯನವರು ವಾದ್ಯವನ್ನೇ ಪರಿಷ್ಕರಿಸಲು ಮುಂದಾದರು. ಮೂಲ ತಂತಿಗಳ ಪಕ್ಕದಲ್ಲಿ ಜೊತೆತಂತಿಗಳನ್ನು ಕಟ್ಟಿ, ಒಂದೇ ಬೆರಳಿನ ಒತ್ತು ಮತ್ತು ಒಂದೇ ಕಮಾನಿನ ಎಳೆತಕ್ಕೆ ಎರಡೂ ನುಡಿಯುವಂತೆ ಮಾಡಿದರು. ಇದರಿಂದ ನಾದದ ಪ್ರಮಾಣ ಮತ್ತು ಗಾಂಭೀರ್ಯ ಎರಡೂ ಹೆಚ್ಚಿದವು.

ತಂತಿಗಳನ್ನು ಜೋಡಿಯಾಗಿ ಕಟ್ಟುವ ತತ್ತ್ವ ಇತರ ವಾದ್ಯಗಳಲ್ಲಿಯೂ ಇದೆ. ಮ್ಯಾಂಡೊಲಿನ್‌ನಲ್ಲಿ ನಾಲ್ಕು ಜೋಡಿಗಳೂ ಹನ್ನೆರಡು ತಂತಿಯ ಗಿಟಾರಿನಲ್ಲಿ ಆರು ಜೋಡಿಗಳೂ ಇರುತ್ತವೆ. ಆದರೆ ಅವು ಮೀಟುವ ವಾದ್ಯಗಳು. ಅವುಗಳ ಮನೆಗಳು ಸ್ವರಸ್ಥಾನವನ್ನು ಮೊದಲೇ ನಿಗದಿಗೊಳಿಸುತ್ತವೆ. ಮನೆಗಳಿಲ್ಲದ ಪಿಟೀಲಿನಲ್ಲಿ ಬೆರಳೇ ಸ್ವರಸ್ಥಾನವನ್ನು ಕಂಡುಕೊಳ್ಳಬೇಕು. ಜೋಡಿಯ ಒಂದು ತಂತಿ ತುಸು ಸಡಿಲಗೊಂಡರೂ ಅಪಶ್ರುತಿ ಕೇಳಿಸುತ್ತದೆ. ಗಮಕಗಳಲ್ಲಿ ಬೆರಳು ಜಾರುವಾಗ ಎರಡು ತಂತಿಗಳ ಮೇಲೂ ಸಮನಾದ ಒತ್ತಡವಿರಬೇಕು. ಹೆಚ್ಚಿನ ತಂತಿಗಳ ಎಳೆತವನ್ನು ಕುದುರೆ ಮತ್ತು ಮೇಲ್ಹಲಗೆ ತಾಳಿಕೊಳ್ಳಬೇಕು. ಈ ಕಾರಣಗಳಿಂದ ಏಳು ತಂತಿಯ ಪಿಟೀಲನ್ನು ನುಡಿಸಲು ಅಸಾಧಾರಣ ಸಾಧನೆ ಅಗತ್ಯವಾಗಿತ್ತು.

ಬೆಂಗಳೂರಿನ ಆರ್. ಆರ್. ಕೇಶವಮೂರ್ತಿಯವರೂ ಏಳು ತಂತಿಯ ಪಿಟೀಲನ್ನು ನುಡಿಸಿ ಹೆಸರಾದರು. ಧ್ವನಿವರ್ಧಕಗಳು ಸಾಮಾನ್ಯವಾದ ಬಳಿಕ ಹೆಚ್ಚಿನ ನಾದಕ್ಕಾಗಿ ಹೆಚ್ಚಿನ ತಂತಿಗಳ ಅಗತ್ಯ ಕಡಿಮೆಯಾಯಿತು. ಶ್ರುತಿ ಮಾಡಲು ಸುಲಭವಾದ ನಾಲ್ಕು ತಂತಿಯ ಪಿಟೀಲೇ ಇಂದಿಗೂ ಕಚೇರಿಗಳಲ್ಲಿ ರೂಢಿಯಲ್ಲಿದೆ.

ಕಚೇರಿ ಜೀವನ

ಚೌಡಯ್ಯನವರು ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದರು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಜಿ. ಎನ್. ಬಾಲಸುಬ್ರಹ್ಮಣ್ಯಂ, ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಮೊದಲಾದ ಗಾಯಕರಿಗೆ ಪಕ್ಕವಾದ್ಯ ನುಡಿಸಿದರು. ಇವರಲ್ಲಿ ಚೆಂಬೈ ಅವರೊಂದಿಗಿನ ಜೊತೆಗಾರಿಕೆ ವಿಶೇಷವಾಗಿ ಜನಪ್ರಿಯವಾಗಿತ್ತು. ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಮತ್ತು ಚಾಲಕುಡಿ ನಾರಾಯಣಸ್ವಾಮಿ ಇವರ ಶಿಷ್ಯರಲ್ಲಿ ಪ್ರಮುಖರು.

ರಚನೆಗಳು ಮತ್ತು ಚಲನಚಿತ್ರ

ವಾಗ್ಗೇಯಕಾರರೂ ಆಗಿದ್ದ ಚೌಡಯ್ಯನವರು 'ತ್ರಿಮಕುಟ' ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ್ದಾರೆ. ಈ ಅಂಕಿತವು ಅವರ ಹುಟ್ಟೂರನ್ನು ಸೂಚಿಸುತ್ತದೆ. 1943ರಲ್ಲಿ ಅವರು 'ವಾಣಿ' ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿದರು. ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ಈ ಚಿತ್ರದಲ್ಲಿ ಚೆಂಬೈ ಅವರ ಗಾಯನ ಮತ್ತು ಚೌಡಯ್ಯನವರ ವಾದನದ ದೃಶ್ಯಗಳಿವೆ.

ಪ್ರಶಸ್ತಿ ಮತ್ತು ಗೌರವಗಳು

ಮದರಾಸಿನ ಮ್ಯೂಸಿಕ್ ಅಕಾಡೆಮಿಯು 1957ರಲ್ಲಿ ಇವರಿಗೆ 'ಸಂಗೀತ ಕಲಾನಿಧಿ' ಬಿರುದನ್ನು ನೀಡಿತು. ಅದೇ ವರ್ಷ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಸಂದಿತು. 'ಸಂಗೀತ ರತ್ನ' ಎಂಬ ಬಿರುದಿಗೂ ಇವರು ಪಾತ್ರರಾಗಿದ್ದರು.

ನಿಧನ ಮತ್ತು ಸ್ಮರಣೆ

ಚೌಡಯ್ಯನವರು 1967ರ ಜನವರಿ 19ರಂದು ನಿಧನರಾದರು. ಕೆ. ಕೆ. ಮೂರ್ತಿಯವರ ಪರಿಶ್ರಮದಿಂದ, ಬೆಂಗಳೂರಿನ ಮಲ್ಲೇಶ್ವರ ಭಾಗದಲ್ಲಿ ಅವರ ಹೆಸರಿನ ಸ್ಮಾರಕ ಭವನ ನಿರ್ಮಾಣವಾಯಿತು. 1980ರಲ್ಲಿ ಪೂರ್ಣಗೊಂಡ ಈ ಸಭಾಂಗಣದ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ತಂತಿ, ಬಿರಡೆ, ಕುದುರೆ ಮತ್ತು ಕಮಾನುಗಳನ್ನೂ ಅದರಲ್ಲಿ ರೂಪಿಸಲಾಗಿದೆ. ಇಲ್ಲಿ ಸಂಗೀತ, ನೃತ್ಯ ಮತ್ತು ನಾಟಕ ಪ್ರದರ್ಶನಗಳು ನಡೆಯುತ್ತವೆ. ಕರ್ನಾಟಕ ಸರ್ಕಾರವು ಚೌಡಯ್ಯನವರ ಹೆಸರಿನಲ್ಲಿ ಸಂಗೀತಗಾರರಿಗೆ ಪ್ರಶಸ್ತಿಯನ್ನು ನೀಡುತ್ತಿದೆ.