ಭೂಪಟ ಬರೆದ ಗುರು ಮತ್ತೇಯೊ ರಿಚ್ಚಿ

ಇಟಲಿಯ ಮಚೆರಾತದಲ್ಲಿ 1552ರಲ್ಲಿ ಜನಿಸಿದ ಮತ್ತೇಯೊ ರಿಚ್ಚಿಯವರು ಯೇಸುಸಭೆಯನ್ನು ಸೇರಿ 1578ರಲ್ಲಿ ಗೋವೆಗೆ ಬಂದರು. 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದು, 1583ರಲ್ಲಿ ಚೀನಾದ ಝಾವೊಚಿಂಗ್ ನಗರದಲ್ಲಿ ನೆಲೆಸಿದರು.

ಅವರ ಮನೆಯ ಗೋಡೆಯಲ್ಲಿದ್ದ ಯೂರೋಪಿನ ಭೂಪಟ ಚೀನೀ ವಿದ್ವಾಂಸರನ್ನು ಬೆರಗುಗೊಳಿಸಿತು. ಅವರು ಕಂಡಿದ್ದ ನಕ್ಷೆಗಳಲ್ಲಿ ಚೀನಾದ 15 ಪ್ರಾಂತಗಳೇ ಬಹುಮಟ್ಟಿಗೆ ಇಡೀ ಜಗತ್ತು. ಪರದೇಶಗಳು ಅಂಚಿನ ಕಿರುದ್ವೀಪಗಳು. ರಿಚ್ಚಿಯವರು 1584ರಲ್ಲಿ ಚೀನೀ ಲಿಪಿಯಲ್ಲೇ ವಿಶ್ವಭೂಪಟವೊಂದನ್ನು ರಚಿಸಿದರು. ಮುಂದೆ ಅದನ್ನು ತಿದ್ದಿ ಬೆಳೆಸುವಾಗಲೂ ಚೀನಾವನ್ನು ಅಂಚಿಗೆ ತಳ್ಳದೆ ನಡುಭಾಗದ ಸಮೀಪಕ್ಕೆ ತಂದರು. ಭೂಮಿ ದುಂಡಗಿರುವಾಗ ಯಾವ ನಾಡನ್ನು ನಡುವೆ ಬರೆದರೂ ಅಸತ್ಯವಾಗದು. ಸತ್ಯವನ್ನು ಅವರು ಮರೆಮಾಚಲಿಲ್ಲ, ಕಲಿಯುವವರ ಸ್ವಾಭಿಮಾನವನ್ನೂ ನೋಯಿಸಲಿಲ್ಲ.

ತಾರುಣ್ಯದಲ್ಲಿ 15 ಪ್ರಾಂತಗಳ ನಕ್ಷೆ ಬರೆದು ಅದನ್ನೇ ಜಗತ್ತೆಂದು ನಂಬಿದ್ದ ಲಿ ಝಿಝಾವ್ ಅವರ ಶಿಷ್ಯರಾದರು. ಆ ಶಿಷ್ಯರ ನೆರವಿನಿಂದಲೇ 1602ರಲ್ಲಿ ಬೀಜಿಂಗಿನಲ್ಲಿ 6 ಫಲಕಗಳ ಮಹಾಭೂಪಟ ಅಚ್ಚಾಯಿತು. ಅಮೆರಿಕ ಖಂಡವೂ ಅದರಲ್ಲಿತ್ತು.

1610ರಲ್ಲಿ ರಿಚ್ಚಿಯವರು ಬೀಜಿಂಗಿನಲ್ಲೇ ನಿಧನರಾದರು. ಪೋಪ್ ಫ್ರಾನ್ಸಿಸರು 2022ರಲ್ಲಿ ಅವರನ್ನು ವಂದನೀಯರೆಂದು ಸಾರಿದರು.

ಮಕ್ಕಳ ಮುಂದೆ ಭಾರತದ ನಕ್ಷೆಯನ್ನು ಬಿಡಿಸಿಡುವ ನಾವು ರಾಜಧಾನಿಗಳ ಹೆಸರುಗಳನ್ನು ಕಂಠಪಾಠ ಮಾಡಿಸಿದರೆ ಸಾಲದು. ನಾಡನ್ನು ಪ್ರೀತಿಸಲು ಕಲಿಸೋಣ. ಗಡಿಯಾಚೆ ಇರುವವರೂ ಒಬ್ಬನೇ ತಂದೆಯ ಮಕ್ಕಳೆಂಬುದನ್ನು ಅದೇ ಪಾಠದಲ್ಲಿ ತಿಳಿಸೋಣ.