ಮಿಡತೆ ಹುಟ್ಟುವ ಮೊದಲೇ ಹಿಡಿದ ಕೋಲ್ಮನ್ ಸಾಹೇಬ

ಮಂಡ್ಯ: ಯುಗಾದಿ ಹತ್ತಿರ ಬಂತು ಅಂದ್ರೆ ಗೊಬ್ಬರ, ಔಷಧಿ ಅಂಗಡಿಗಳ ಮುಂದೆ ಹುಳ ಬಿದ್ದಿದೆ, ಏನಾದ್ರೂ ಕೊಡಿ ಅನ್ನುವವರ ಸಾಲು ಶುರುವಾಗುತ್ತೆ. ಯಾವ ಹುಳ ಅಂತ ಅಂಗಡಿಯವರು ಕೇಳಿದರೆ ಹೇಳುವವರು ಕಮ್ಮಿ. ಪಕ್ಕದ ಹೊಲದವರು ಒಯ್ದ ಬಾಟಲಿಯನ್ನೇ ಇವರೂ ಒಯ್ಯುತ್ತಾರೆ. ಹುಳ ಯಾವುದು, ಎಲ್ಲಿ ಮೊಟ್ಟೆ ಇಡುತ್ತೆ, ಯಾವ ತಿಂಗಳಲ್ಲಿ ಅದರ ಕೈ ಸೋತಿರುತ್ತೆ ಅನ್ನೋದನ್ನು ಮೊದಲು ತಿಳಿದು, ಆಮೇಲೆ ಕೈ ಹಾಕಬೇಕು ಎಂದು ನಮ್ಮ ಸೀಮೆಯಲ್ಲಿ ನೂರು ವರ್ಷಕ್ಕೂ ಹಿಂದೆಯೇ ಮಾಡಿ ತೋರಿಸಿದ ಒಬ್ಬರಿದ್ದರು. ಅವರೇ ಡಾ. ಲೆಸ್ಲಿ ಕೋಲ್ಮನ್, ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರು.

ಮಂಡ್ಯದವರಿಗೆ ಈ ಹೆಸರು ಹೊಸದಲ್ಲ. ಮೈಷುಗರ್ ಕಾರ್ಖಾನೆ, ವಿ.ಸಿ. ಫಾರಂ ಮಾತು ಬಂದಾಗ ಹಿರಿಯರು ವಿಶ್ವೇಶ್ವರಯ್ಯನವರ ಜೊತೆ ಕೋಲ್ಮನ್ ಅವರನ್ನೂ ನೆನೆಯುತ್ತಾರೆ. ಆದರೆ ಅವರು ಈ ನಾಡಿಗೆ ಬಂದದ್ದು ಸಕ್ಕರೆಗಾಗಿ ಅಲ್ಲ. ಹುಳು ಮತ್ತು ಬೂಷ್ಟಿನ ಹಿಂದೆ ಬಿದ್ದು ಬಂದವರು ಅವರು.

ಕೆನಡಾದಿಂದ ಬೆಂಗಳೂರಿಗೆ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟಿಂಗನ್‌ನಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದಾಗ ಅವರಿಗಿನ್ನೂ 30 ವರ್ಷ. ಬೆಳೆಗೆ ಬರುವ ಬೂಷ್ಟಿನ ರೋಗ ಮತ್ತು ಕೀಟ, ಎರಡೂ ವಿಷಯ ಅವರೊಬ್ಬರ ತಲೆಯ ಮೇಲೆ. ಆಗ ಸಂಸ್ಥಾನದಲ್ಲಿ ಇವತ್ತಿನ ಹಾಗೆ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇರಲಿಲ್ಲ. ಹೆಬ್ಬಾಳದಲ್ಲಿ ಒಂದು ಪ್ರಯೋಗ ಕ್ಷೇತ್ರ ಇತ್ತು, ಅಷ್ಟೆ. ಮಂಡ್ಯವಂತೂ ಆಗ ಮೈಸೂರು ಜಿಲ್ಲೆಯೊಳಗೇ ಇತ್ತು. ಜಿಲ್ಲೆಯಾದದ್ದು 1939ರಲ್ಲಿ.

ಅವರ ಜೊತೆ ಕೀಟಗಳ ಕೆಲಸಕ್ಕೆ ನಿಂತವರು ಕೇರಳದ ಕಣ್ಣೂರು ಕಡೆಯ ಕೆ. ಕುಂಞಿಕಣ್ಣನ್. ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋಗಿ ಡಾಕ್ಟರೇಟ್ ಪಡೆದು ಬಂದು ಸಂಸ್ಥಾನದ ಕೀಟತಜ್ಞರಾದರು. ಕೋಲ್ಮನ್ ಹೆಸರು ಹೇಳುವಾಗ ಇವರನ್ನು ಬಿಟ್ಟರೆ ಕಥೆ ಅರ್ಧವೇ ಆಗುತ್ತೆ.

ಎರಡು ಮಿಡತೆ, ಎರಡು ವಿಳಾಸ

ಆ ಕಾಲದ ರೈತರನ್ನು ಕಾಡುತ್ತಿದ್ದ ಹುಳುಗಳಲ್ಲಿ ಮಿಡತೆ ಮುಖ್ಯ. ಗದ್ದೆಯಲ್ಲಿ ಭತ್ತದ ಮಿಡತೆ, ಬಯಲುಸೀಮೆಯ ಹೊಲದಲ್ಲಿ ಜೋಳದ ಮಿಡತೆ. ಬೆಳೆ ಮೇಲೆ ಹಿಂಡು ಬಿದ್ದ ಮೇಲೆ ರೈತ ಮಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಇವತ್ತಿನ ಹಾಗೆ ಅಂಗಡಿಗೆ ಓಡಿ ಔಷಧಿ ತರುವ ಕಾಲವೂ ಅದಲ್ಲ.

ಕೋಲ್ಮನ್ ಮತ್ತು ಕುಂಞಿಕಣ್ಣನ್ ಬೆಳೆ ಮೇಲಿನ ಮಿಡತೆಯನ್ನು ನೋಡಿ ಸುಮ್ಮನಾಗಲಿಲ್ಲ. ಬೆಳೆ ಇಲ್ಲದ ತಿಂಗಳಲ್ಲಿ ಅದು ಎಲ್ಲಿರುತ್ತೆ ಅಂತ ಹುಡುಕಿದರು. ಮಿಡತೆಗೆ ವರ್ಷಕ್ಕೆ ಒಂದೇ ಪೀಳಿಗೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಣ್ಣು ಮಿಡತೆ ತನ್ನ ಹಿಂಭಾಗವನ್ನು ಮಣ್ಣಿಗೆ ಇಳಿಸಿ, ನೊರೆಯ ಜೊತೆ ಮೊಟ್ಟೆ ಇಡುತ್ತೆ. ನೊರೆ ಒಣಗಿ ಗಟ್ಟಿ ಗೂಡಾಗುತ್ತೆ. ಆ ಗೂಡಿನೊಳಗೆ ಮೊಟ್ಟೆ ಚಳಿಗಾಲ, ಬೇಸಿಗೆ ಎರಡನ್ನೂ ಕಳೆದು, ಮುಂಗಾರು ಬಿದ್ದ ಮೇಲೆ ಒಡೆಯುತ್ತೆ. ಅಂದರೆ ತಿಂಗಳುಗಟ್ಟಲೆ ಇಡೀ ಸಂತಾನ ಕೈಗೆಟಕುವ ಜಾಗದಲ್ಲಿ, ಓಡಿಹೋಗದ ಸ್ಥಿತಿಯಲ್ಲಿ ಮಲಗಿರುತ್ತೆ.

ಗುಟ್ಟು ಇರುವುದು ಮೊಟ್ಟೆಯ ವಿಳಾಸದಲ್ಲಿ. ಗದ್ದೆಯಲ್ಲಿ ನೀರು ನಿಂತಿರುವುದರಿಂದ ಭತ್ತದ ಮಿಡತೆ ಮೊಟ್ಟೆ ಇಡಲು ಬದುವನ್ನು ಹುಡುಕಿಕೊಂಡು ಹೋಗುತ್ತೆ. ಜೋಳದ ಹೊಲ ಒಣನೆಲ, ಅಲ್ಲಿ ಮೊಟ್ಟೆ ಹೊಲದೊಳಗೇ. ಹಾಗಾಗಿ ಮದ್ದೂ ಎರಡು ಬಗೆ. ಗದ್ದೆಯಾದರೆ ಬೇಸಿಗೆಯಲ್ಲಿ ಬದುವಿನ ಮೇಲ್ಮಣ್ಣನ್ನು ಕೆತ್ತಿ ಹಾಕಬೇಕು. ಹೊಲವಾದರೆ ಕೊಯ್ಲು ಮುಗಿದ ಮೇಲೆ ಉತ್ತು ಮಣ್ಣು ಮಗುಚಬೇಕು. ಮೇಲೆ ಬಂದ ಮೊಟ್ಟೆ ಬಿಸಿಲಿಗೆ ಒಣಗುತ್ತೆ, ಉಳಿದದ್ದನ್ನು ಗೊರವಂಕ, ಬೆಳ್ಳಕ್ಕಿ ಹೆಕ್ಕುತ್ತವೆ. ಗುದ್ದಲಿ, ನೇಗಿಲು ಬಿಟ್ಟು ಬೇರೆ ಖರ್ಚಿಲ್ಲ.

ಜೋಳದ ಮಿಡತೆಯಲ್ಲಿ ಇನ್ನೊಂದು ವಿಶೇಷ ಇತ್ತು. ಬೆಳೆದ ಮೇಲೂ ಅದಕ್ಕೆ ಹಾರುವ ರೆಕ್ಕೆ ಇಲ್ಲ, ಕುಪ್ಪಳಿಸಿಕೊಂಡೇ ಹೋಗಬೇಕು. ಇದನ್ನು ತಿಳಿದ ಮೇಲೆ ದಾರಿ ಸುಲಭವಾಯಿತು. ಮರಿಗಳು ಇನ್ನೂ ಚಿಕ್ಕದಿರುವಾಗಲೇ ಬಾಯಗಲದ ಬಟ್ಟೆ ಚೀಲ ಹಿಡಿದು ಹೊಲದಲ್ಲಿ ಬೀಸುತ್ತಾ ಹೋದರೆ ರಾಶಿ ರಾಶಿ ಸಿಗುತ್ತಿದ್ದವು. ಇದೆಲ್ಲವನ್ನೂ 1911ರ ಹೊತ್ತಿಗೆ ಇಲಾಖೆ ಪುಸ್ತಿಕೆಗಳಾಗಿ ಹೊರತಂದಿತು. ಸ್ಪೇನಿನ ಕೀಟತಜ್ಞ ಬೊಲಿವರ್ 1910ರಲ್ಲಿ ಈ ರೆಕ್ಕೆಯಿಲ್ಲದ ಮಿಡತೆಗೆ ಶಾಸ್ತ್ರೀಯ ಹೆಸರಿಟ್ಟಾಗ ಕೋಲ್ಮೇನಿಯಾ ಎಂದೇ ಕರೆದರು. ಕೋಲ್ಮನ್ ಹೆಸರು ಈಗಲೂ ಪ್ರಪಂಚದ ಕೀಟಶಾಸ್ತ್ರದ ಪುಸ್ತಕಗಳಲ್ಲಿ ಇರುವುದು ನಮ್ಮ ಜೋಳದ ಹೊಲದ ಒಂದು ಹುಳುವಿನ ಮೂಲಕ.

ಆದರೆ ಈ ಉಪಾಯಕ್ಕೆ ಒಂದು ಷರತ್ತಿದೆ. ಒಬ್ಬ ಬದು ಕೆತ್ತಿ ಪಕ್ಕದವನು ಸುಮ್ಮನಿದ್ದರೆ, ಪಕ್ಕದವನ ಬದುವಿನಲ್ಲಿ ಹುಟ್ಟಿದ ಮಿಡತೆ ಇವನ ಪೈರಿಗೇ ಬರುತ್ತೆ. ಇಡೀ ಊರು ಒಂದೇ ಹದಿನೈದು ದಿನದಲ್ಲಿ ಕೆಲಸ ಮುಗಿಸಿದರೆ ಮಾತ್ರ ಫಲ. ಹುಳು ಹಿಡಿಯುವ ವಿದ್ಯೆಗಿಂತ ಊರನ್ನು ಒಟ್ಟಿಗೆ ಕೆಲಸಕ್ಕೆ ಇಳಿಸುವುದೇ ಕಷ್ಟದ ಕೆಲಸ, ಆಗಲೂ, ಈಗಲೂ.

ಅಡಿಕೆಯ ಕೊಳೆ, ಮಳೆಗೆ ಮುಂಚೆ ಮದ್ದು

ಕೋಲ್ಮನ್ ಅವರಿಗೆ ದೊಡ್ಡ ಹೆಸರು ತಂದದ್ದು ಮಲೆನಾಡಿನ ಅಡಿಕೆ. ಅದು ಕೀಟವಲ್ಲ, ಕೊಳೆರೋಗ. ಆದರೆ ಪಾಠ ಅದೇ.

ಮಳೆಗಾಲದಲ್ಲಿ ಕೊಳೆ ಬಿದ್ದರೆ ಎಳೆ ಅಡಿಕೆ ಕೊಳೆತು ಮರದ ಬುಡದಲ್ಲಿ ಉದುರಿ ಬೀಳುತ್ತೆ. ವರ್ಷದ ಸಂಪಾದನೆ ಕೆಲವೇ ವಾರದಲ್ಲಿ ಮಣ್ಣುಪಾಲು. ಇದನ್ನು ತಪ್ಪಿಸಲು ತೋಟದವರು ಪ್ರತಿ ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಹುಲ್ಲಿನ ಆ ಹೊದಿಕೆ ಹೆಣೆಯಬೇಕು, ಮರ ಹತ್ತಿ ಕಟ್ಟಬೇಕು. ಕೂಲಿಯೂ ಹೆಚ್ಚು, ಸಮಯವೂ ಹೆಚ್ಚು.

ಕೋಲ್ಮನ್ ಈ ರೋಗವನ್ನು ವಿವರವಾಗಿ ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನಲ್ಲಿ ದ್ರಾಕ್ಷಿ ತೋಟಕ್ಕೆ ಬಳಸುತ್ತಿದ್ದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಹೊಡೆಸಿ ನೋಡಿದರು. ಮೈಲುತುತ್ತ, ಸುಣ್ಣ, ನೀರು, ಇಷ್ಟೇ ಅದರ ಸಾಮಾನು. ಮಲೆನಾಡಿನ ಮಳೆಗೆ ತೊಳೆದುಹೋಗದ ಹಾಗೆ ಅಂಟು ಬೆರೆಸುವ ಕ್ರಮವನ್ನೂ ಹೊಂದಿಸಿದರು. ಇಲ್ಲೂ ಮುಖ್ಯವಾದದ್ದು ಕಾಲ. ಕೊಳೆ ಕಂಡ ಮೇಲೆ ಹೊಡೆದರೆ ಆಗಲೇ ಕೊಳೆತ ಅಡಿಕೆ ವಾಪಸ್ ಬರಲ್ಲ. ಮಳೆ ಹಿಡಿಯುವ ಮುಂಚೆಯೇ ಗೊನೆ ಒದ್ದೆಯಾಗುವಂತೆ ಹೊಡೆಯಬೇಕು. ರೋಗವೇ ಕಾಣದ ಗೊನೆಗೆ ಮದ್ದು ಹೊಡೆಯಿರಿ ಅಂದರೆ ಯಾವ ರೈತ ತಾನೇ ತಕ್ಷಣ ಒಪ್ಪುತ್ತಾನೆ? ತೋಟದಲ್ಲೇ ಮಾಡಿ ತೋರಿಸಿದ ಮೇಲೆ ನಿಧಾನವಾಗಿ ಒಪ್ಪಿದರು. ಇವತ್ತಿಗೂ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಅಡಿಕೆ ಬೆಳೆಗಾರರ ನಂಬಿಕೆಯ ಮದ್ದು.

ಹೆಬ್ಬಾಳ, ಬಾಳೆಹೊನ್ನೂರು, ಮಂಡ್ಯ

1913ರಲ್ಲಿ ಕೃಷಿ ಇಲಾಖೆ ಬೇರೆಯಾಗಿ ನಿಂತಾಗ ಕೋಲ್ಮನ್ ಅದರ ನಿರ್ದೇಶಕರಾದರು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಆ ಶಾಲೆಯೇ ಬೆಳೆದು ಕಾಲೇಜಾಗಿ, 1960ರ ದಶಕದಲ್ಲಿ ಕೃಷಿ ವಿಶ್ವವಿದ್ಯಾಲಯಕ್ಕೆ ಬುನಾದಿಯಾಯಿತು. 1925ರಲ್ಲಿ ಬಾಳೆಹೊನ್ನೂರು ಹತ್ತಿರ ಕಾಫಿ ಪ್ರಯೋಗ ಕೇಂದ್ರ ಬಂತು. ಗಂಧದ ಮರದ ಸ್ಪೈಕ್ ರೋಗದ ಮೇಲೂ ಅವರು ಕೆಲಸ ಮಾಡಿದರು.

ಕೃಷ್ಣರಾಜಸಾಗರದ ನಾಲೆ ಮಂಡ್ಯಕ್ಕೆ ಬರುವ ಹೊತ್ತಿಗೆ ಹೊಸ ನೀರಿಗೆ ಯಾವ ಬೆಳೆ ಅನ್ನುವ ಪ್ರಶ್ನೆ ಎದ್ದಿತು. ಕಬ್ಬು ಬೆಳೆಸಿ, ಇಲ್ಲೇ ಸಕ್ಕರೆ ಕಾರ್ಖಾನೆ ತರಬೇಕೆಂದು ಒತ್ತಾಸೆಯಾಗಿ ನಿಂತವರಲ್ಲಿ ಕೋಲ್ಮನ್ ಒಬ್ಬರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನಾಲೆ ಬಯಲಿನ ಬೆಳೆಗಳನ್ನು ಪರೀಕ್ಷಿಸಲು ಶುರುವಾದ ಫಾರಂ ಇಂದಿನ ವಿ.ಸಿ. ಫಾರಂ. ಮುಂದೆ ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟದ್ದೂ ಇದೇ ನೆಲದಿಂದ.

1934ರಲ್ಲಿ ಕೋಲ್ಮನ್ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಟೊರಾಂಟೊದಲ್ಲಿ ಸಸ್ಯಗಳ ಮೇಲಿನ ಸಂಶೋಧನೆ ಮುಂದುವರಿಸಿದರು. 1954ರಲ್ಲಿ ತೀರಿಕೊಂಡರು. ಅವರ ಜೊತೆಗಾರ ಕುಂಞಿಕಣ್ಣನ್ ಅದಕ್ಕೂ ಮುಂಚೆ, 1931ರಲ್ಲೇ ಹೋಗಿಬಿಟ್ಟಿದ್ದರು.

ಪುಡಿ ಬಂತು, ಬದು ಕೆತ್ತುವುದು ನಿಂತಿತು

ಸ್ವಾತಂತ್ರ್ಯ ಬಂದ ಮೇಲೆ ಬಿ.ಎಚ್.ಸಿ. ಪುಡಿ ಹಳ್ಳಿಗೆ ಬಂತು. ಹಿರಿಯ ರೈತರಿಗೆ ಅದರ ವಾಸನೆ ಈಗಲೂ ನೆನಪಿರುತ್ತೆ. ಎರಚಿದರೆ ಮಿಡತೆ ಸಾಯುತ್ತಿತ್ತು, ಬದು ಕೆತ್ತುವ ಕೂಲಿ ಉಳಿಯುತ್ತಿತ್ತು. ಊರು ಒಟ್ಟಿಗೆ ಕೆಲಸಕ್ಕೆ ಇಳಿಯುವ ಅಗತ್ಯವೇ ಉಳಿಯಲಿಲ್ಲ. ಆದರೆ ಆ ಪುಡಿಯ ವಿಷ ಮಣ್ಣಿನಲ್ಲಿ, ಹಾಲಿನಲ್ಲಿ, ಮೈಯ ಕೊಬ್ಬಿನಲ್ಲಿ ಉಳಿಯುತ್ತೆ ಅನ್ನುವುದು ಗೊತ್ತಾಗಿ 1997ರಲ್ಲಿ ದೇಶದಲ್ಲಿ ಅದನ್ನು ನಿಷೇಧಿಸಿದರು. ಪುಡಿ ಹೋಯಿತು. ಅದು ಬಂದಾಗ ಬಿಟ್ಟುಹೋದ ಅಭ್ಯಾಸ ಮಾತ್ರ ಅನೇಕ ಊರುಗಳಿಗೆ ವಾಪಸ್ ಬರಲಿಲ್ಲ. ಆ ಜಾಗಕ್ಕೆ ಬೇರೆ ಬೇರೆ ಬಾಟಲಿಗಳು ಬಂದವು.

ಈ ಬೇಸಿಗೆಗೆ ಅದೇ ಲೆಕ್ಕ

ಕೋಲ್ಮನ್ ಬಿಟ್ಟುಹೋದದ್ದು ಒಂದು ಲೆಕ್ಕಾಚಾರ: ಗುರುತಿಸು, ಅದರ ಮನೆ ಹುಡುಕು, ಅದು ಸೋತಿರುವ ಹೊತ್ತಲ್ಲಿ ಹೊಡೆ. ಈ ತಿಂಗಳುಗಳಲ್ಲಿ ನಮ್ಮ ಕಡೆ ಕಾಣುವ ಹುಳುಗಳಿಗೂ ಅದು ಹೊಂದುತ್ತೆ.

ಕಬ್ಬು: ಎಳೆ ಕಬ್ಬಿನಲ್ಲಿ ನಡುವಿನ ಸುಳಿ ಒಣಗಿದೆಯಾ? ಎಳೆದು ನೋಡಿ. ಸಲೀಸಾಗಿ ಕಿತ್ತು ಬಂದು, ಬುಡದಲ್ಲಿ ಕೊಳೆತ ವಾಸನೆ ಇದ್ದರೆ ಅದು ಸುಳಿ ಕೊರೆಯುವ ಹುಳು. ನೀರು ಕಡಿಮೆಯಾಯ್ತು ಅಂತ ತಪ್ಪು ತಿಳಿಯಬೇಡಿ. ಬಿಸಿಲು, ಒಣ ಹವೆಯಲ್ಲಿ ಇದರ ಕಾಟ ಜಾಸ್ತಿ. ಸಾಲಿನ ನಡುವೆ ತರಗು ಹೊದಿಸುವುದು, ಬುಡಕ್ಕೆ ತೆಳುವಾಗಿ ಮಣ್ಣು ಏರಿಸುವುದು, ಮೊಟ್ಟೆಯನ್ನೇ ತಿನ್ನುವ ಟ್ರೈಕೋಗ್ರಾಮ ಕಾರ್ಡ್ ಕಟ್ಟುವುದು ದಾರಿ. ಹುಳು ಕಾಂಡದೊಳಗೆ ಸೇರಿದ ಮೇಲೆ ಮೇಲಿಂದ ಎಷ್ಟು ಹೊಡೆದರೂ ಅದಕ್ಕೆ ತಾಗುವುದು ಕಷ್ಟ.

ತೆಂಗು: ಕೆಳಗಿನ ಗರಿಗಳು ಸುಟ್ಟ ಹಾಗೆ ಕಂದಾಗಿದ್ದರೆ ಗರಿಯ ಅಡಿಭಾಗ ನೋಡಿ. ಹಿಕ್ಕೆ, ನೂಲು ಸೇರಿದ ಸುರಂಗದಂಥ ಗೂಡಿದ್ದರೆ ಅದು ಕಪ್ಪುತಲೆ ಹುಳು. ಹೆಚ್ಚು ಹುಳು ಹತ್ತಿದ ಕೆಳಗರಿ ಕಡಿದು ಸುಡಿ. ಇದನ್ನು ತಿನ್ನುವ ಪರೋಪಜೀವಿ ಕೀಟಗಳನ್ನು ತೋಟಕ್ಕೆ ಬಿಡುವ ಕ್ರಮವೂ ಇದೆ, ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಇಲ್ಲೂ ಒಬ್ಬರ ತೋಟಕ್ಕೆ ಬಿಟ್ಟರೆ ಸಾಲದು, ಅಕ್ಕಪಕ್ಕದವರೂ ಸೇರಬೇಕು.

ಮಾವು: ಹೂಗೊಂಚಲು ಅಲ್ಲಾಡಿಸಿದರೆ ಪಟಪಟ ಹಾರುವ ಪುಟ್ಟ ಹುಳು ಜಿಗಿಹುಳು. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಮಸಿ ಬೆಳೆಯುತ್ತೆ. ಹೂ ಪೂರ್ತಿ ಅರಳಿದಾಗ ಔಷಧಿ ಹೊಡೆದರೆ ಜೇನುನೊಣ ಸತ್ತು ಕಾಯಿ ಕಚ್ಚುವುದೇ ಕಡಿಮೆಯಾಗುತ್ತೆ. ಮೊಗ್ಗಿನ ಹಂತದಲ್ಲೇ ನೋಡಿಕೊಳ್ಳಬೇಕು.

ಮನೆ ಮುಂದಿನ ದಾಸವಾಳ: ಎಳೆ ಚಿಗುರು ಮುರುಟಿ, ಹತ್ತಿಯಂಥ ಬಿಳಿ ಪದಾರ್ಥ ಕಂಡರೆ ಹಿಟ್ಟು ತಿಗಣೆ. ಗಿಡದ ಮೇಲೆ ಇರುವೆ ಸಾಲು ಹತ್ತುತ್ತಿದ್ದರೆ ಅದೇ ಮೊದಲ ಸುಳಿವು. ಅಂಟಿನ ಆಸೆಗೆ ಇರುವೆ ಈ ತಿಗಣೆಯನ್ನು ಕಾಯುತ್ತೆ. ಮುರುಟಿದ ತುದಿ ಕತ್ತರಿಸಿ ಸೋಪಿನ ನೀರಲ್ಲಿ ಮುಳುಗಿಸಿ. ಉಳಿದ ಗಿಡಕ್ಕೆ ಪೈಪಿನಲ್ಲಿ ಜೋರಾಗಿ ನೀರು ಬಿಡಿ. ಇರುವೆಯ ದಾರಿ ತಪ್ಪಿಸಿ. ಒಂದು ಗಿಡಕ್ಕಾಗಿ ವಿಷದ ಬಾಟಲಿ ಮನೆಗೆ ತರಬೇಕಾಗಿಲ್ಲ.

ಭತ್ತದ ಗದ್ದೆ: ಬದು ಕೆತ್ತಲು ಇದೇ ಹೊತ್ತು. ನಾಲೆಗೆ ನೀರು ಬರುವ ಮೊದಲು ಮುಗಿಸಿ.

ಅಂಗಡಿಯವರಿಗೂ ಒಂದು ಮಾತು. ಔಷಧಿ ಕೇಳಿ ಬಂದವರಿಗೆ ಹುಳುವನ್ನೋ, ಹುಳು ಬಿದ್ದ ಎಲೆಯನ್ನೋ ಒಂದು ಕವರಿನಲ್ಲಿ ಹಾಕಿ ತನ್ನಿ ಅಂತ ಹೇಳಿ. ಗುರುತು ಸಿಗದಿದ್ದರೆ ವಿ.ಸಿ. ಫಾರಂಗೆ ಕಳಿಸಿ. ತಪ್ಪು ಔಷಧಿಗೆ ದುಡ್ಡು ಕೊಟ್ಟ ರೈತ ಮುಂದಿನ ವರ್ಷ ಸಾಲ ಹೇಳುತ್ತಾನೆ, ಸರಿಯಾದದ್ದು ಸಿಕ್ಕವನು ನಿಮ್ಮ ಅಂಗಡಿಗೇ ಮತ್ತೆ ಬರುತ್ತಾನೆ.

ಮುಂಗಾರಿಗೆ ಇನ್ನು ಕೆಲವೇ ವಾರ. ಬದುವಿನ ಮಣ್ಣಿನಲ್ಲಿ ಮೊಟ್ಟೆಗಳು ಮೊದಲ ಮಳೆಗೆ ಕಾಯುತ್ತಿವೆ.