ತ್ರಿವೇಣಿಯವರೂ ಅವರ ಓದುಗರೂ

ಕಾವ್ಯದ ಪಾತ್ರಗಳನ್ನು ಕುರಿತು ವಾದಿಸುವುದು ನಮ್ಮ ಜನಕ್ಕೆ ಹೊಸದಲ್ಲ. ಶ್ರೀರಾಮನು ವಾಲಿಯನ್ನು ಮರೆಯಲ್ಲಿ ನಿಂತು ಕೊಂದದ್ದು ಸರಿಯೆ, ರನ್ನನ ಗದಾಯುದ್ಧದಲ್ಲಿ ಭೀಮನು ನಾಯಕನೋ ದುರ್ಯೋಧನನು ನಾಯಕನೋ ಎಂಬ ಪ್ರಶ್ನೆಗಳು ಹಳ್ಳಿಯ ಜಗಲಿಯಿಂದ ಹಿಡಿದು ವಿಶ್ವವಿದ್ಯಾನಿಲಯದ ಉಪನ್ಯಾಸಮಂದಿರದವರೆಗೆ ಎಷ್ಟೋ ಕಾಲದಿಂದ ನಡೆದು ಬಂದಿವೆ. ಆದರೆ ನೆರೆಮನೆಯ ಹೆಂಗಸಿನಂತೆ ಸಾಮಾನ್ಯಳಾದ ಕಾದಂಬರಿಯ ನಾಯಿಕೆಯೊಬ್ಬಳಿಗಾಗಿ, ಆಕೆ ತಮ್ಮ ಒಡಹುಟ್ಟಿದವಳೋ ಎಂಬಂತೆ ಓದುಗರು ಪಕ್ಷ ಕಟ್ಟಿ ಕಾದಾಡುವುದು ಈಚಿನ ಮಾತು. ಕನ್ನಡದಲ್ಲಿ ಅಂತಹ ಜಗಳಗಳನ್ನು ಮನೆಮನೆಗೂ ತಂದ ಕೆಲವೇ ಲೇಖಕರಲ್ಲಿ ತ್ರಿವೇಣಿಯವರು ಮುಖ್ಯರು.

ವರ್ಗಾವಣೆಯ ದೆಸೆಯಿಂದ ನಾನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಕನ್ನಡ ಪಾಠ ಹೇಳಿದ್ದೇನೆ. ಪಠ್ಯಪುಸ್ತಕ ಯಾವುದೇ ಇರಲಿ, ವರ್ಷಕ್ಕೊಮ್ಮೆಯಾದರೂ ತ್ರಿವೇಣಿಯವರ ಒಂದು ಕಾದಂಬರಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಅವರ ವಾದವಿವಾದಗಳನ್ನು ಕೇಳುವ ಹವ್ಯಾಸ ಬೆಳೆಸಿಕೊಂಡಿದ್ದೇನೆ. ಆ ವಾದಗಳಿಂದ ನಾನು ಕಲಿತದ್ದನ್ನು, ಆ ಲೇಖಕಿಯ ಬಾಳಿನ ಕಥೆಯೊಡನೆ ಸೇರಿಸಿ ಹೇಳಬೇಕೆಂಬುದು ಈ ಬರಹದ ಉದ್ದೇಶ.

ನಾಗಮಂಗಲದಿಂದ ಉತ್ತರಕ್ಕೆ ಹೋದರೆ ಬೆಳ್ಳೂರು ಸಿಕ್ಕುತ್ತದೆ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರ ಈ ಊರಿನದು. ತ್ರಿವೇಣಿಯವರು ಅದೇ ಮನೆತನದವರು. ಅವರ ತಂದೆ ಬಿ. ಎಂ. ಕೃಷ್ಣಸ್ವಾಮಿಯವರು ಶ್ರೀಯವರ ಸೋದರರು. ಪಾತ್ರಚಿತ್ರಣದ ವಿವಾದ ಈ ಮನೆತನಕ್ಕೆ ಆಗಲೇ ಪರಿಚಿತವಾಗಿತ್ತೆಂಬುದು ಗಮನಾರ್ಹ. ಗ್ರೀಕ್ ನಾಟಕಕಾರ ಸೊಫೊಕ್ಲೀಸನ ಅಯಾಸನ ಕಥೆಯನ್ನು ಮಹಾಭಾರತದ ಅಶ್ವತ್ಥಾಮನಿಗೆ ಹೊಂದಿಸಿ ಶ್ರೀಯವರು 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಹೊರತಂದರು. ಪುರಾಣ ಚಿರಂಜೀವಿಯೆಂದು ಸಾರಿದವನು ಆ ನಾಟಕದಲ್ಲಿ ತನ್ನ ಕೈಯಿಂದಲೇ ಸಾಯುತ್ತಾನೆ. ಎಲ್ಲರಿಗೂ ಸೇರಿದ ಪಾತ್ರವನ್ನು ಒಬ್ಬ ಕವಿ ತನ್ನ ಇಷ್ಟದಂತೆ ತಿದ್ದಬಹುದೆ ಎಂಬ ಪ್ರಶ್ನೆ ಅಲ್ಲಿಂದ ಏಳುವುದು ಸಹಜ. ಅಣ್ಣನ ಮನೆಯಲ್ಲಿ ಎದ್ದ ಪ್ರಶ್ನೆ ತಮ್ಮನ ಮಗಳ ಕಾಲಕ್ಕೆ ಬೇರೊಂದು ರೂಪ ತಾಳಿತು. ಲೇಖಕಿ ತಾನೇ ಹೆತ್ತ ಪಾತ್ರವಾದರೂ ಅದು ಅವಳೊಬ್ಬಳದೆಯೆ, ಅಥವಾ ಓದಿ ಕಣ್ಣೀರಿಟ್ಟವರಿಗೂ ಅದರಲ್ಲಿ ಪಾಲುಂಟೆ?

ತ್ರಿವೇಣಿಯವರು ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು. ತಾಯಿ ತಂಗಮ್ಮನವರು. ಮನೆಯಲ್ಲಿ ಇಟ್ಟ ಹೆಸರು ಭಾಗೀರಥಿ. ಮುಂದೆ ಅನಸೂಯ ಎಂದಾಯಿತು. ತಂಗಿ ಆರ್ಯಾಂಬ ಪಟ್ಟಾಭಿಯವರೂ ಕಾದಂಬರಿಗಾರ್ತಿಯಾದರು. ಶ್ರೀರಂಗಪಟ್ಟಣದಲ್ಲಿ ಹುಟ್ಟಿ ‘ಶುಭಮಂಗಳ’, ‘ಎರಡು ಕನಸು’ಗಳನ್ನು ಬರೆದ ವಾಣಿಯವರು ಇವರ ಬಂಧುವರ್ಗಕ್ಕೆ ಸೇರಿದವರು. ಅನಸೂಯ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಮನಶ್ಶಾಸ್ತ್ರದಲ್ಲಿ ಚಿನ್ನದ ಪದಕದೊಡನೆ ಬಿ. ಎ. ಪದವಿ ಪಡೆದರು. ಇಂಗ್ಲಿಷ್ ಅಧ್ಯಾಪಕರಾದ ಎಸ್. ಎನ್. ಶಂಕರ್ ಅವರನ್ನು ವರಿಸಿ ಅನಸೂಯ ಶಂಕರ್ ಆದರು. ಸಾಹಿತ್ಯಲೋಕಕ್ಕೆ ಮಾತ್ರ ತ್ರಿವೇಣಿಯಾಗಿಯೇ ಉಳಿದರು.

1953ರಲ್ಲಿ ಮೊದಲ ಕಾದಂಬರಿ ‘ಅಪಸ್ವರ’ ಬಂತು. ಅದರ ಮುಂದುವರಿಕೆ ‘ಅಪಜಯ’. ಅಲ್ಲಿಂದ ಹತ್ತು ವರ್ಷ ಲೇಖನಿ ಬಿಡುವು ಕಾಣಲಿಲ್ಲ. ‘ಬೆಕ್ಕಿನ ಕಣ್ಣು’, ‘ಕೀಲುಗೊಂಬೆ’, ‘ಹೂವು ಹಣ್ಣು’, ‘ಹಣ್ಣೆಲೆ ಚಿಗುರಿದಾಗ’, ‘ಬೆಳ್ಳಿಮೋಡ’, ‘ಶರಪಂಜರ’ ಮೊದಲಾಗಿ ಸುಮಾರು ಇಪ್ಪತ್ತು ಕಾದಂಬರಿಗಳು, ಮೂರು ಕಥಾಸಂಕಲನಗಳು ಈ ಅಲ್ಪಾವಧಿಯ ಫಲ. ‘ಅವಳ ಮನೆ’ಗೆ 1960ರಲ್ಲಿ ದೇವರಾಜ ಬಹದ್ದೂರ್ ಬಹುಮಾನ ದೊರೆಯಿತು. ಮನಸ್ಸಿನ ಒಳಗಿನ ತೊಡಕುಗಳನ್ನು ವ್ಯಾಸಂಗದಿಂದ ಬಲ್ಲವರಾಗಿದ್ದು, ಮಧ್ಯಮವರ್ಗದ ಮನೆಯ ಹೊಸಿಲೊಳಗೇ ನಿಂತು ಆ ತೊಡಕುಗಳನ್ನು ತೋರಿಸಿಕೊಟ್ಟದ್ದು ಅವರ ವಿಶೇಷ. ಆ ಕಾಲದ ಕೆಲವು ವಿಮರ್ಶಕರು ಹೆಂಗಸರ ಬರವಣಿಗೆಯನ್ನೆಲ್ಲ ಅಡುಗೆಮನೆಯ ಸಾಹಿತ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಅಡುಗೆಮನೆಯಲ್ಲಿಯೂ ಬೆಂಕಿಯುಂಟೆಂಬುದನ್ನು ಅವರು ಮರೆತಿದ್ದರು.

ಶ್ರೀರಂಗಪಟ್ಟಣದಲ್ಲಿ ನಾನು ಕೇಳಿದ ಮೊದಲ ಜಗಳ ‘ಬೆಳ್ಳಿಮೋಡ’ದ ಇಂದಿರೆಯದು. ಆಸ್ತಿವಂತ ತಂದೆಗೆ ಒಬ್ಬಳೇ ಮಗಳಾದ ಇಂದಿರೆಗೆ ಮೋಹನನೊಡನೆ ಮದುವೆ ನಿಶ್ಚಯವಾಗಿರುತ್ತದೆ. ಎಷ್ಟೋ ವರ್ಷಗಳ ಮೇಲೆ ಆಕೆಯ ತಾಯಿ ಗಂಡುಮಗುವನ್ನು ಹೆರುತ್ತಾಳೆ. ಆಸ್ತಿ ಕೈತಪ್ಪಿತೆಂದು ಮೋಹನ ಹಿಂಜರಿಯುತ್ತಾನೆ. ಮುಂದೆ ಅಪಘಾತದಲ್ಲಿ ನೊಂದು ಬಿದ್ದ ಅವನಿಗೆ ಇಂದಿರೆ ಶುಶ್ರೂಷೆ ಮಾಡುತ್ತಾಳೆ. ಆಗ ಅವನಲ್ಲಿ ನಿಜವಾದ ಪ್ರೀತಿ ಹುಟ್ಟುತ್ತದೆ. ಆದರೆ ಇಂದಿರೆ ಒಪ್ಪುವುದಿಲ್ಲ. ನನ್ನ ತರಗತಿಯ ಹುಡುಗರಲ್ಲಿ ಬಹುಮಂದಿ ಮೋಹನನ ಪರ ನಿಂತರು. ಪಶ್ಚಾತ್ತಾಪಪಟ್ಟವನನ್ನು ಕ್ಷಮಿಸದ ಹೆಣ್ಣು ಕಲ್ಲೆದೆಯವಳೆಂಬುದು ಅವರ ವಾದ. ಹುಡುಗಿಯರು ಇಂದಿರೆಯ ಪರ. ಒಬ್ಬಳು ಕಾನೂನನ್ನೇ ಎತ್ತಿದಳು. 1956ರ ಹಿಂದೂ ಉತ್ತರಾಧಿಕಾರದ ಶಾಸನ, ಅದಕ್ಕೆ 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ತಂದ ತಿದ್ದುಪಡಿ, ಇವುಗಳನ್ನು ವಿವರಿಸಿ, ಈಗಿನ ಮೋಹನನಾದರೆ ತಮ್ಮ ಹುಟ್ಟಿದ ಮೇಲೂ ಇಂದಿರೆಯ ಪಾಲು ಎಷ್ಟೆಂದು ಲೆಕ್ಕ ಹಾಕಿಯೇ ಹೆಜ್ಜೆ ಇಡುತ್ತಿದ್ದನೆಂದು ಹೇಳಿದಾಗ ಇಡೀ ತರಗತಿ ನಕ್ಕಿತು. ಆ ನಗುವಿನಲ್ಲಿ ಹುಡುಗರ ವಾದ ಕರಗಿಹೋಯಿತು.

ಪಾಂಡವಪುರದಲ್ಲಿ ವಾದ ‘ಹಣ್ಣೆಲೆ ಚಿಗುರಿದಾಗ’ದ ವಿಧವಾವಿವಾಹದತ್ತ ತಿರುಗಿತು. ಇದೆಲ್ಲ ಮುಗಿದ ಸಮಸ್ಯೆ, ಇದಕ್ಕೇಕೆ ಇಷ್ಟು ಪುಟಗಳು ಎಂದು ಕೆಲವರು ಕೇಳಿದರು. ಮರುದಿನ ಇಬ್ಬರು ವಿದ್ಯಾರ್ಥಿಗಳು ಬಂದು, ತಮ್ಮ ಬೀದಿಯ ಮದುವೆಮನೆಗಳಲ್ಲಿ ಆರತಿಯ ಹೊತ್ತಿಗೆ ಯಾರು ಒಳಕೋಣೆಗೆ ಸರಿಯುತ್ತಾರೆಂಬುದನ್ನು ಹೇಳಿದರು. ಸಮಸ್ಯೆ ಮುಗಿದಿದೆಯೆಂದವರು ಮತ್ತೆ ಮಾತನಾಡಲಿಲ್ಲ.

ಓದುಗರ ಇಂತಹ ಹಕ್ಕೊತ್ತಾಯ ನಮ್ಮಲ್ಲಿ ಮಾತ್ರ ಕಾಣುವ ಸಂಗತಿಯಲ್ಲ. ಕಾನನ್ ಡಾಯ್ಲ್ 1893ರಲ್ಲಿ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸನನ್ನು ಜಲಪಾತದಲ್ಲಿ ಕೊಂದುಹಾಕಿದಾಗ ಓದುಗರು ಸಿಡಿದೆದ್ದರು. ಹತ್ತು ವರ್ಷಗಳ ಮೇಲೆ ಅವನನ್ನು ಬದುಕಿಸಿ ತರುವವರೆಗೂ ಅವರಿಗೆ ಸಮಾಧಾನವಾಗಲಿಲ್ಲ. ನಮ್ಮ ತ. ರಾ. ಸು. ಅವರ ಕಾದಂಬರಿಗಳಿಂದ 1972ರಲ್ಲಿ ‘ನಾಗರಹಾವು’ ಚಿತ್ರ ತಯಾರಾದಾಗ, ತಮ್ಮ ರಾಮಾಚಾರಿ ತೆರೆಯ ಮೇಲೆ ತಮ್ಮವನಾಗಿ ಉಳಿಯಲಿಲ್ಲವೆಂದು ಲೇಖಕರೇ ಅಸಮಾಧಾನಪಟ್ಟರು. ತ್ರಿವೇಣಿಯವರಿಗೆ ಅಂತಹ ಸಂತೋಷವೂ ಇಲ್ಲ, ಅಸಮಾಧಾನವೂ ಇಲ್ಲ. ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ವನ್ನು ತೆರೆಗೆ ತಂದದ್ದು 1967ರಲ್ಲಿ; ‘ಶರಪಂಜರ’ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಆ ವೇಳೆಗೆ ಲೇಖಕಿ ತೀರಿಕೊಂಡು ವರ್ಷಗಳೇ ಆಗಿದ್ದವು. ಇಂದಿರೆಗೂ ಕಾವೇರಿಗೂ ನಟಿ ಕಲ್ಪನಾ ಅವರ ಮುಖವೇ ಶಾಶ್ವತವಾಗಿ ಅಂಟಿಕೊಂಡಿತು. ಇಂದು ಪುಸ್ತಕ ಓದುವವರಿಗೂ ಕಣ್ಣಮುಂದೆ ನಿಲ್ಲುವುದು ಆ ಮುಖವೇ.

ಇನ್ನು ‘ಶರಪಂಜರ’ದ ಕಾವೇರಿಯ ಮಾತು. ಇದನ್ನು ಬರೆಯುವಾಗ ನನ್ನ ಲೇಖನಿ ಸ್ವಲ್ಪ ತಡೆಯುತ್ತದೆ. ಬಾಣಂತಿತನದಲ್ಲಿ ಬುದ್ಧಿಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಆಸ್ಪತ್ರೆಯಲ್ಲಿ ಗುಣ ಹೊಂದಿ ಮನೆಗೆ ಮರಳುತ್ತಾಳೆ. ರೋಗ ಬಿಟ್ಟಿತು, ರೋಗದ ಹೆಸರು ಬಿಡಲಿಲ್ಲ. ನಕ್ಕರೂ ಸಂದೇಹ, ಅತ್ತರೂ ಸಂದೇಹ. ಗಂಡನ ಮನಸ್ಸೂ ಬೇರೆಡೆಗೆ ಹರಿದಿದೆ. ಕೊನೆಗೆ ಆಕೆ ಮತ್ತೆ ಹುಚ್ಚಿಯಾಗುತ್ತಾಳೆ. ತ್ರಿವೇಣಿಯವರು ಬರೆಯುತ್ತಿದ್ದ ಕಾಲದಲ್ಲಿ ಇಂತಹ ರೋಗಿಗಳಿಗೆ ಅನ್ವಯಿಸುತ್ತಿದ್ದುದು 1912ರ ಶಾಸನ. ಹುಚ್ಚು ಎಂಬುದೇ ಅದರ ಹೆಸರಿನಲ್ಲಿತ್ತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಸೇರಿದಂತೆ ಅಖಿಲ ಭಾರತ ಸಂಸ್ಥೆ ತೊಡಗಿದ್ದು 1954ರಲ್ಲಿ. ಹಳೆಯ ಶಾಸನದ ಬದಲು ಹೊಸದು ಬಂದದ್ದು 1987ರಲ್ಲಿ. ರೋಗಿಯ ಹಕ್ಕುಗಳನ್ನು ಮುಂದಿಟ್ಟ ಶಾಸನ 2017ರದು. ಇಷ್ಟು ಕಾನೂನುಗಳು ಬರುವುದಕ್ಕೆ ಮೊದಲೇ ಒಬ್ಬ ಕಾದಂಬರಿಗಾರ್ತಿ ರೋಗಿಯ ಪರವಾಗಿ ಮೊಕದ್ದಮೆ ಹೂಡಿದ್ದಳು.

ಕೃಷ್ಣರಾಜಪೇಟೆಯಲ್ಲಿ ಈ ಕಾದಂಬರಿಯನ್ನು ಕುರಿತು ಮಾತನಾಡುತ್ತ ನಾನೊಂದು ತಪ್ಪು ಮಾಡಿದೆ. ನೆರೆಹೊರೆಯವರ ಕ್ರೌರ್ಯದ ಚಿತ್ರಣದಲ್ಲಿ ಉತ್ಪ್ರೇಕ್ಷೆಯಿದೆ, ಇದು ಜನಪ್ರಿಯ ಕಾದಂಬರಿಯ ಸಾಮಾನ್ಯ ದೋಷ ಎಂದು ವಿಮರ್ಶೆಯ ಪರಿಭಾಷೆಯಲ್ಲಿ ಹೇಳಿಬಿಟ್ಟೆ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ. ನನ್ನ ಚಿಕ್ಕಮ್ಮನೊಬ್ಬರು ಎರಡನೆಯ ಹೆರಿಗೆಯ ಮೇಲೆ ಇದೇ ರೋಗಕ್ಕೆ ತುತ್ತಾಗಿ, ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು, ಗುಣವಾಗಿ ಊರಿಗೆ ಬಂದಿದ್ದರು. ಹಾಲು ಕರೆದರು, ರಾಗಿ ಬೀಸಿದರು, ಹಬ್ಬಕ್ಕೆ ಕಜ್ಜಾಯ ಸುಟ್ಟರು. ಆದರೆ ಈಳಿಗೆಮಣೆಯನ್ನು ಮಾತ್ರ ಅವರ ಕೈಗೆ ಸಿಕ್ಕದಂತೆ ಅಟ್ಟದ ಮೇಲೆ ಇಡುತ್ತಿದ್ದರು. ಎತ್ತಿಕೊಳ್ಳಲೆಂದು ಕೈ ಚಾಚಿದರೆ ಮಗುವನ್ನು ಬೇರೊಬ್ಬರು ಮೊದಲೇ ಎತ್ತಿಕೊಳ್ಳುತ್ತಿದ್ದರು. ಒಂದು ದಿನ ಆಕೆ ಕಜ್ಜಾಯ ಹಿಡಿದು ನನ್ನನ್ನು ಕರೆದಾಗ ನಾನೂ ಓಡಿಹೋದೆ. ಆಗ ನನಗೆ ಹತ್ತು ವರ್ಷ. ಚಿಕ್ಕಮ್ಮ ಈಗಿಲ್ಲ. ಇದನ್ನೆಲ್ಲ ಬಲ್ಲವನು ತರಗತಿಯಲ್ಲಿ ನಿಂತು ಉತ್ಪ್ರೇಕ್ಷೆಯೆಂದೆ!

ಅಂದು ಪಾಠ ಮುಗಿದ ಮೇಲೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಪುಸ್ತಕವನ್ನು ಮನೆಗೆ ಕೇಳಿ ಒಯ್ದಳು. ಎರಡು ತಿಂಗಳ ಮೇಲೆ ಹಿಂದಿರುಗಿಸಿದಾಗ, ತನ್ನ ತಾಯಿಯೂ ಓದಿದರೆಂದಳು. ತಾಯಿ ಆಸ್ಪತ್ರೆಯಿಂದ ಬಂದು ಒಂದು ವರ್ಷವಾಗಿದೆಯೆಂದೂ ಹೇಳಿದಳು. ಆಕೆಗೆ ಲೇಖಕಿಯ ಮೇಲೆ ಒಂದೇ ದೂರು. ಕಾವೇರಿ ಗುಣವಾಗಿಯೇ ಉಳಿಯುವಂತೆ ಏಕೆ ಬರೆಯಲಿಲ್ಲ? ಕಾವೇರಿಯನ್ನು ಹಿಂದಕ್ಕೆ ಕಳಿಸಿದ್ದು ರೋಗವಲ್ಲ, ಮನೆ; ಕಾದಂಬರಿ ಹೇಳುವುದೇ ಅದನ್ನು ಎಂದು ನಾನು ವಿವರಿಸಿದೆ. ಅದು ತನಗೂ ತಿಳಿದಿದೆ, ಆದರೆ ಓದಿದವರೂ ಚಿತ್ರ ನೋಡಿದವರೂ ನೆನಪಿಟ್ಟುಕೊಳ್ಳುವುದು ಆಕೆ ಹಿಂದಕ್ಕೆ ಹೋದಳೆಂಬುದನ್ನು ಮಾತ್ರ. ಅದೇ ನೆನಪಿನಿಂದ ತನ್ನ ತಾಯಿಯನ್ನು ನೋಡುತ್ತಾರೆ ಎಂದಳು ಆ ಹುಡುಗಿ. ನನ್ನ ಬಳಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷಗಳ ನನ್ನ ಅಧ್ಯಾಪನದಲ್ಲಿ ಇಷ್ಟು ಗಟ್ಟಿಯಾದ ಸಾಹಿತ್ಯವಿಮರ್ಶೆಯನ್ನು ನಾನು ಕೇಳಿಲ್ಲ.

ತ್ರಿವೇಣಿಯವರಲ್ಲಿ ಕೊರತೆಗಳಿಲ್ಲವೆಂದಲ್ಲ. ಅವರ ಪ್ರಪಂಚ ಬಹುಮಟ್ಟಿಗೆ ಓದುಬರಹ ಬಲ್ಲವರ ಮನೆಗಳಿಗೆ ಸೀಮಿತ. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವ ಹೆಣ್ಣು ಅಲ್ಲಿ ನಾಯಿಕೆಯಾಗುವುದು ಅಪರೂಪ. ಕೆಲವೆಡೆ ಭಾವ ಅಳತೆ ಮೀರುತ್ತದೆ. ಆದರೂ ನಾಯಿಕೆಯೆಂದರೆ ಸಹನೆಯ ಮೂರ್ತಿ ಎಂಬ ಅಚ್ಚನ್ನು ಅವರು ಮುರಿದರು. ನಿರಾಕರಿಸುವ ಇಂದಿರೆ, ಮಗಳಿಗಾಗಿ ಮೈಮಾರಿಕೊಳ್ಳುವ ‘ಹೂವು ಹಣ್ಣು’ವಿನ ತಾಯಿ, ಮನಸ್ಸು ಮುರಿದ ಕಾವೇರಿ, ಇವರನ್ನು ಗೌರವದಿಂದ ನಡುಮನೆಗೆ ಕರೆತಂದು ಕೂರಿಸಿದರು. ಓದುಗರು ಅವರೊಡನೆ ಇಂದಿಗೂ ಜಗಳವಾಡುತ್ತಿರುವುದೇ ಆ ಪಾತ್ರಗಳು ಬದುಕಿರುವುದಕ್ಕೆ ಸಾಕ್ಷಿ.

ಲೇಖಕಿಯ ಬಾಳಿನ ಕೊನೆಯ ಪುಟ ಅವರು ಬರೆದ ಯಾವ ಕೊನೆಗಿಂತಲೂ ಕಠೋರವಾದುದು. ಬಾಣಂತಿಯ ಸಂಕಟವನ್ನು ಕನ್ನಡಕ್ಕೆ ತಿಳಿಸಿಕೊಟ್ಟವರು ತಾವೇ ಬಾಣಂತಿಯಾಗಿದ್ದಾಗ, ಹೆಣ್ಣುಮಗುವನ್ನು ಹೆತ್ತ ಹತ್ತು ದಿನಗಳಿಗೆ, 1963ರ ಜುಲೈ 29ರಂದು ಮೈಸೂರಿನಲ್ಲಿ ತೀರಿಕೊಂಡರು. ಮೂವತ್ತೈದು ವರ್ಷ ತುಂಬಲು ಇನ್ನೂ ಒಂದು ತಿಂಗಳಿತ್ತು. ಅರ್ಧಕ್ಕೆ ನಿಂತಿದ್ದ ‘ಅವಳ ಮಗಳು’ ಕಾದಂಬರಿಯನ್ನು ಎಂ. ಸಿ. ಪದ್ಮಾ ಅವರು ಪೂರ್ತಿಗೊಳಿಸಿದರು. ಮೈಸೂರಿನ ಚಾಮುಂಡಿಪುರದಲ್ಲಿ ಅವರು ಬಾಳಿದ ಮನೆ ಈಚೆಗೆ ಅವರ ನೆನಪಿನ ಸಂಗ್ರಹಾಲಯವಾಗಿದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುತ್ತವೆ. ಜನ ಅದನ್ನು ತ್ರಿವೇಣಿಸಂಗಮವೆನ್ನುತ್ತಾರೆ. ಕಳೆದ ಮಳೆಗಾಲದಲ್ಲಿ ನಾಗಮಂಗಲದಿಂದ ಊರಿಗೆ ಹೋಗುವಾಗ ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಆ ವಿದ್ಯಾರ್ಥಿನಿ ಈಗ ಇದೇ ಜಿಲ್ಲೆಯ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಅವಳ ತಾಯಿ ಕ್ಷೇಮವಾಗಿದ್ದಾರೆ, ಮೊಮ್ಮಗುವನ್ನು ದಿನವೆಲ್ಲ ನೋಡಿಕೊಳ್ಳುವವರು ಅವರೇ ಎಂದು ಅವಳೇ ತಿಳಿಸಿದ್ದಳು. ತ್ರಿವೇಣಿಯವರು ಬರೆಯದೆ ಹೋದ ಕೊನೆಯನ್ನು ಆ ಮನೆಯವರು ಬರೆದಿದ್ದಾರೆ. ಈ ವರ್ಷವೂ ನಾನು ತರಗತಿಯಲ್ಲಿ ‘ಶರಪಂಜರ’ವನ್ನು ಕೊಡುತ್ತೇನೆ, ಉತ್ಪ್ರೇಕ್ಷೆ ಎಂಬ ಮಾತನ್ನು ಮಾತ್ರ ಆಡುವುದಿಲ್ಲ.